ಕಂಚಿನ ಫಲಕದ ಮೇಲೊಂದು ಹೆಸರು

ಈ ಬಾರಿಯ ಸ್ಮರಣ ಸಂಚಿಕೆಗೆ ಆರೋಗ್ಯಕ್ಕೆ ಸಂಬಂಧಿಸಿದ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಿತ್ರರು ವೈಟ್ಟಿಲದ ನಮ್ಮ ಮನೆಗೆ ಬಂದು ಕೇಳಿದಾಗ ನನಗೆ ನಗು ಬಂದಿತು. ವಾಣಿಜ್ಯಶಾಸ್ತ್ರದಲ್ಲಿ ಪದವಿ ಪಡೆದು, ಇಪ್ಪತ್ತು ವರ್ಷಗಳಿಂದ ಬ್ಯಾಂಕಿನ ಲೆಕ್ಕಪತ್ರಗಳ ನಡುವೆ ಬಾಳುತ್ತಿರುವ ನನ್ನಿಂದ ಆರೋಗ್ಯದ ವಿಷಯವಾಗಿ ಏನು ಬಂದೀತು? ಸಕ್ಕರೆ ಕಾಯಿಲೆ, ರಕ್ತದೊತ್ತಡಗಳನ್ನು ಕುರಿತು ಬರೆಯಲು ನಮ್ಮ ಸಂಘದಲ್ಲಿಯೇ ಅನುಭವಿ ವೈದ್ಯರಿದ್ದಾರೆ. ನನಗೆ ಗೊತ್ತಿರುವುದು ಒಂದು ಫಲಕದ ವೃತ್ತಾಂತ ಮಾತ್ರ. ಅದರಲ್ಲಿ ಎರಡು ಮೂರು ಕಾಯಿಲೆಗಳೂ ಬರುತ್ತವೆಯಾದುದರಿಂದ ಸಂಪಾದಕರು ಆಕ್ಷೇಪಿಸಲಾರರೆಂದು ನಂಬಿ ಬರೆಯಲು ಕುಳಿತಿದ್ದೇನೆ.

ಕೊಚ್ಚಿಗೆ ವರ್ಗವಾಗಿ ಬಂದ ಹೊಸತರಲ್ಲಿ, ಊರಿನಿಂದ ಬಂದ ನೆಂಟರನ್ನು ಕರೆದುಕೊಂಡು ನಾವೆಲ್ಲರೂ ಮಾಡುವಂತೆ ನಾನೂ ಫೋರ್ಟ್ ಕೊಚ್ಚಿಗೆ ಹೋಗಿದ್ದೆ. ಚೀನೀ ಬಲೆಗಳನ್ನು ನೋಡಿಯಾದ ಮೇಲೆ ಸೇಂಟ್ ಫ್ರಾನ್ಸಿಸ್ ಚರ್ಚಿಗೆ ಹೋಗುವುದು ವಾಡಿಕೆ. 1524ರಲ್ಲಿ ಇಲ್ಲಿ ತೀರಿಕೊಂಡ ವಾಸ್ಕೋ ಡ ಗಾಮನನ್ನು ಹೂಳಿದ್ದ ಸ್ಥಳವನ್ನೂ, ಗೋಡೆಗೆ ಹುದುಗಿಸಿದ ಹಳೆಯ ಗೋರಿಕಲ್ಲುಗಳನ್ನೂ ಜನರು ಕುತೂಹಲದಿಂದ ನೋಡುತ್ತಾರೆ. ಹೊರಗೆ ಬಂದಾಗ ಎದುರಿಗೆ ಕಾಣುವ ಸ್ಮಾರಕ ಸ್ತಂಭವನ್ನು ಮಾತ್ರ ಹೆಚ್ಚಿನವರು ಗಮನಿಸುವುದಿಲ್ಲ. ಒಂದನೆಯ ಮಹಾಯುದ್ಧದಲ್ಲಿ ಮಡಿದ ಕೊಚ್ಚಿಯ ನಿವಾಸಿಗಳ ನೆನಪಿಗಾಗಿ 1920ರಲ್ಲಿ ನಿಲ್ಲಿಸಿದ ಸ್ತಂಭವದು. ನನ್ನ ಮಗಳು ಅದರ ಬಳಿ ನಿಂತು, ‘ಅಪ್ಪಾ, ಇವರ ಅಮ್ಮಂದಿರು ಇಲ್ಲಿಗೆ ಬಂದು ನೋಡಿದ್ದರಾ?’ ಎಂದು ಕೇಳಿದಳು. ಒಂಬತ್ತು ವರ್ಷದ ಮಗುವಿನ ಪ್ರಶ್ನೆ. ನಾನು ಉತ್ತರಿಸಲಿಲ್ಲ. ಏಕೆಂದರೆ ಅದಕ್ಕೆ ಆರು ತಿಂಗಳ ಹಿಂದೆ, ಬೇರೊಂದು ಊರಿನಲ್ಲಿ, ಒಬ್ಬ ತಾಯಿ ಬಂದು ನೋಡಿದ್ದನ್ನು ನಾನು ಕಣ್ಣಾರೆ ಕಂಡಿದ್ದೆ.

ನಾನು ಓದಿದ್ದು ಸೋಮವಾರಪೇಟೆ ಸೀಮೆಯ ಒಂದು ಪ್ರೌಢಶಾಲೆಯಲ್ಲಿ. ಊರಿನ ಹೆಸರನ್ನೂ ಶಾಲೆಯ ಹೆಸರನ್ನೂ ಬರೆಯುವುದಿಲ್ಲ. ಮುಂದೆ ಹೇಳಲಿರುವ ತಪ್ಪಿನಲ್ಲಿ ನನ್ನದೂ ಪಾಲಿದೆ, ಅದನ್ನು ಊರಿನ ತಲೆಗೆ ಕಟ್ಟಲು ಮನಸ್ಸಿಲ್ಲ. ನನ್ನ ತರಗತಿಯಲ್ಲಿ ಓದುತ್ತಿದ್ದ ಒಬ್ಬ ಹುಡುಗ ಎಸ್.ಎಸ್.ಎಲ್.ಸಿ. ಮುಗಿಸಿ ಕೆಲಕಾಲ ಕಾಫಿ ತೋಟದಲ್ಲಿ ದುಡಿದು, ಅನಂತರ ಸೈನ್ಯಕ್ಕೆ ಸೇರಿದ. ಐದಾರು ವರ್ಷಗಳ ಬಳಿಕ, ಹಿಮಾಲಯದ ಎತ್ತರದ ಠಾಣ್ಯವೊಂದರಲ್ಲಿ ಕರ್ತವ್ಯದಲ್ಲಿದ್ದಾಗ, ಶ್ವಾಸಕೋಶದಲ್ಲಿ ನೀರು ತುಂಬಿಕೊಂಡು ತೀರಿಕೊಂಡ. ಗುಂಡು ತಗುಲಲಿಲ್ಲ, ಶತ್ರು ಕಾಣಲಿಲ್ಲ. ಮೂರು ದಿನಗಳಲ್ಲಿ ಮುಗಿದುಹೋಯಿತು.

ಶಾಲೆಗೆ ಐವತ್ತು ವರ್ಷ ತುಂಬಿದ 2019ರಲ್ಲಿ ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿ ಆತನ ಹೆಸರಿನಲ್ಲಿ ಒಂದು ಫಲಕವನ್ನು ಹಾಕಿಸಬೇಕೆಂದು ತೀರ್ಮಾನಿಸಿದರು. ಬ್ಯಾಂಕಿನವನೆಂಬ ಕಾರಣಕ್ಕೆ ಖಜಾಂಚಿಯ ಕೆಲಸ ನನ್ನ ಪಾಲಿಗೆ ಬಂದಿತು. ಹಣ ಸುಲಭವಾಗಿ ಕೂಡುವುದಿಲ್ಲವೆಂಬುದು ನಮ್ಮ ಸಂಘದ ಕಾರ್ಯಕಾರಿ ಸಮಿತಿಯಲ್ಲಿ ದುಡಿದವರಿಗೆಲ್ಲ ತಿಳಿದ ವಿಷಯ. ಆಗ ನಾನೇ ಒಂದು ಉಪಾಯವನ್ನು ಸೂಚಿಸಿದೆ: ಐದು ಸಾವಿರ ರೂಪಾಯಿಗಿಂತ ಹೆಚ್ಚು ಕೊಟ್ಟವರ ಹೆಸರನ್ನು ಫಲಕದಲ್ಲಿ ಕೆತ್ತಿಸೋಣ. ಹಣ ಬಂದಿತು, ನಿರೀಕ್ಷೆಗಿಂತ ಹೆಚ್ಚೇ ಬಂದಿತು. ಹೊಳಪು ಕೊಟ್ಟ ಕಪ್ಪು ಗ್ರಾನೈಟ್ ಕಲ್ಲಿನಲ್ಲಿ ಹದಿನಾಲ್ಕು ಸಾಲುಗಳಾದವು. ಮೊದಲು ಸಮಾರಂಭದ ಹೆಸರು, ಉದ್ಘಾಟಕರು, ಅಧ್ಯಕ್ಷರು, ಮುಖ್ಯ ಅತಿಥಿಗಳು. ಆ ಬಳಿಕ ದಾನಿಗಳು, ಅವರ ನಡುವೆ ನಾನು. ಹನ್ನೆರಡನೆಯ ಸಾಲಿನಲ್ಲಿ ಅವನು.

‘ಅವರ ನೆನಪಿಗಾಗಿ’ ಎಂಬ ಒಂದು ಮಾತನ್ನು ಬಿಟ್ಟರೆ ಅವನ ಬಗ್ಗೆ ಬೇರೇನೂ ಇರಲಿಲ್ಲ. ಅದಕ್ಕೂ ಒಂದು ಕಾರಣವುಂಟು. ಕರಡನ್ನು ಓದಿದ ಹಿರಿಯರೊಬ್ಬರು, ‘ಯುದ್ಧದಲ್ಲಿ ಸತ್ತವನಲ್ಲವಲ್ಲ, ಕಾಯಿಲೆಯಿಂದ ಹೋದವನು. ವೀರಮರಣ ಎಂದು ಬರೆದರೆ ನಾಳೆ ಯಾರಾದರೂ ಕೇಳಿದರೆ ಏನು ಹೇಳುತ್ತೀರಿ?’ ಎಂದರು. ಅವರ ಮಾತಿನಲ್ಲಿ ದ್ವೇಷವಿರಲಿಲ್ಲ. ಲೆಕ್ಕಪರಿಶೋಧಕರು ರಸೀದಿ ಕೇಳುವಂತೆ ಕೇಳಿದರು. ನಾವು ಯಾರೂ ಎದುರಾಡಲಿಲ್ಲ. ವಿವಾದವೇಕೆಂದು ಆ ಸಾಲನ್ನೇ ತೆಗೆದುಹಾಕಿದೆವು.

ಸಮಾರಂಭ ಮುಗಿದು ಜನರು ಊಟಕ್ಕೆ ಹೋದ ಮೇಲೆ ಅವನ ತಾಯಿ ಫಲಕದ ಬಳಿಗೆ ಬಂದರು. ವೇದಿಕೆಯಲ್ಲಿ ಅವರಿಗೆ ಶಾಲು ಹೊದಿಸಿದ್ದೆವು. ಸಕ್ಕರೆ ಕಾಯಿಲೆ ಕಣ್ಣಿನ ಒಳಪದರಕ್ಕೆ ಇಳಿದು ಅವರಿಗೆ ಬೆಳಕು, ನೆರಳು, ಆಕಾರಗಳು ಮಾತ್ರ ಕಾಣುತ್ತಿದ್ದವು. ಫಲಕವಿದ್ದುದು ಮುಖ್ಯೋಪಾಧ್ಯಾಯರ ಕೊಠಡಿಯ ಬಾಗಿಲ ಮೇಲೆ, ಏಳು ಅಡಿ ಎತ್ತರದಲ್ಲಿ.

‘ನೀನು ಬ್ಯಾಂಕಿನೋನಲ್ವಾ ಮಗಾ? ಇದರಲ್ಲಿ ಅವನ ಹೆಸರು ಎಲ್ಲೈತೆ, ತೋರ್ಸು.’

‘ಇಲ್ಲೇ ಐತೆ ಅಮ್ಮಾ, ಕೆಳಗಡೆ’ ಎಂದೆ. ಒಂದು ಬೆಂಚನ್ನು ತಂದು, ಹತ್ತಿಸಿ, ಅವರ ಕೈಯನ್ನು ಹಿಡಿದು ಹನ್ನೆರಡನೆಯ ಸಾಲಿನ ಮೇಲೆ ಇಟ್ಟೆ. ಅವರು ಬೆರಳುಗಳನ್ನು ಎಡಕ್ಕೂ ಬಲಕ್ಕೂ ಆಡಿಸಿದರು. ಗ್ರಾನೈಟಿನಲ್ಲಿ ಯಂತ್ರದಿಂದ ಕೆತ್ತಿ ಚಿನ್ನದ ಬಣ್ಣ ತುಂಬಿದ ಅಕ್ಷರಗಳು ಬೆರಳಿಗೆ ಸಿಗುವಂಥವಲ್ಲ. ‘ನುಣ್ಣಗೈತೆ’ ಎಂದಷ್ಟೇ ಹೇಳಿ ಅವರು ಕೆಳಗಿಳಿದರು.

ಆ ಒಂದು ಮಾತು ನನ್ನನ್ನು ಕೊಚ್ಚಿಯವರೆಗೂ ಹಿಂಬಾಲಿಸಿ ಬಂದಿತು. ಫಲಕಗಳ ವಿಷಯವಾಗಿ ಸಿಕ್ಕಿದ್ದನ್ನೆಲ್ಲ ಓದತೊಡಗಿದೆ. ಹಾಗೆ ಓದುವಾಗ ನಮ್ಮ ಕೊಡಗಿನಲ್ಲಿಯೇ ಹುಟ್ಟಿ ಬೆಳೆದ ಒಬ್ಬ ಹುಡುಗನ ಕಥೆ ಸಿಕ್ಕಿತು. ಅವನ ಶಾಲೆ ಅವನಿಗೆ ಫಲಕ ಹಾಕಿಸಿತು. ಅವನು ಸತ್ತದ್ದೂ ಗುಂಡಿನಿಂದಲ್ಲ.

ದಕ್ಷಿಣ ಕೊಡಗಿನ ಪಾಲಿಬೆಟ್ಟದ ಬಳಿ ಕೈಮಬೆಟ್ಟ ಎಂಬ ಕಾಫಿ ತೋಟದಲ್ಲಿ 1895ರ ಜುಲೈ 14ರಂದು ವಿಲಿಯಂ ಲೀಫ್ ರಾಬಿನ್ಸನ್ ಹುಟ್ಟಿದ. ಏಳು ಮಕ್ಕಳಲ್ಲಿ ಕೊನೆಯವನು. ತಂದೆ ತೋಟದ ಆಂಗ್ಲ ಒಡೆಯ. ಈ ಹುಡುಗ ಬೆಂಗಳೂರಿನ ಬಿಷಪ್ ಕಾಟನ್ ಶಾಲೆಯಲ್ಲಿ ಓದಿದ. 1865ರಲ್ಲಿ ಪ್ರಾರಂಭವಾದ ಆ ಶಾಲೆ ಇಂದಿಗೂ ಇದೆ. ಮುಂದೆ ಜನರಲ್ ತಿಮ್ಮಯ್ಯನವರೂ ಅಲ್ಲಿಯೇ ಓದಿದರು. ಅನಂತರ ರಾಬಿನ್ಸನ್ ಇಂಗ್ಲೆಂಡಿಗೆ ಹೋಗಿ 1909ರಲ್ಲಿ ಕಂಬರ್ಲೆಂಡ್ ಪ್ರಾಂತದ ಸೇಂಟ್ ಬೀಸ್ ಶಾಲೆಯನ್ನು ಸೇರಿದ. ಮಳೆ ಸುರಿಯುವ ಕಡಲಂಚಿನ ಊರದು. ಕೊಡಗಿನ ಮಳೆಯನ್ನು ಕಂಡ ಹುಡುಗನಿಗೆ ಅದೇನೂ ದೊಡ್ಡದೆನಿಸಿರಲಾರದು. ಓದಿನಲ್ಲಿ ಹೆಸರು ಮಾಡಿದನೆಂದು ಎಲ್ಲಿಯೂ ಕಾಣಲಿಲ್ಲ. ಆಟದಲ್ಲಿ ಮುಂದಿದ್ದ, ತನ್ನ ವಿದ್ಯಾರ್ಥಿ ನಿಲಯಕ್ಕೆ ನಾಯಕನಾಗಿದ್ದ.

1914ರ ಆಗಸ್ಟಿನಲ್ಲಿ ಯುದ್ಧ ಪ್ರಾರಂಭವಾದಾಗ ಸೈನ್ಯವನ್ನು ಸೇರಿ, ಮುಂದಿನ ವರ್ಷ ವಿಮಾನ ದಳಕ್ಕೆ ಬಂದ. ಆ ದಿನಗಳಲ್ಲಿ ಜರ್ಮನಿಯ ದೈತ್ಯಾಕಾರದ ವಾಯುನೌಕೆಗಳು ರಾತ್ರಿಯ ಹೊತ್ತು ಲಂಡನ್ನಿನ ಮೇಲೆ ಬಾಂಬು ಸುರಿಯುತ್ತಿದ್ದವು. ಅನಿಲ ತುಂಬಿದ ಆ ನೌಕೆಗಳನ್ನು ಇಂಗ್ಲೆಂಡಿನ ನೆಲದ ಮೇಲೆ ಯಾರೂ ಉರುಳಿಸಿರಲಿಲ್ಲ. 1916ರ ಸೆಪ್ಟೆಂಬರ್ 2ರ ರಾತ್ರಿ ಹದಿನಾರು ನೌಕೆಗಳು ಒಟ್ಟಾಗಿ ಹೊರಟವು. ರಾಬಿನ್ಸನ್ ಮರ ಮತ್ತು ಬಟ್ಟೆಯಿಂದ ಮಾಡಿದ ಪುಟ್ಟ ವಿಮಾನದಲ್ಲಿ ಒಬ್ಬನೇ, ಕತ್ತಲಲ್ಲಿ, ಹನ್ನೊಂದು ಸಾವಿರ ಅಡಿಗೂ ಮೇಲೇರಿ, ಅವುಗಳಲ್ಲೊಂದನ್ನು ಹಿಂಬಾಲಿಸಿದ. ಅದರ ಹೆಸರು ಎಸ್.ಎಲ್. 11. ಎರಡು ಸುತ್ತು ಗುಂಡುಗಳು ಅದರ ಮೈಯುದ್ದಕ್ಕೂ ಹಾದುಹೋದರೂ ಏನೂ ಆಗಲಿಲ್ಲ. ಮೂರನೆಯ ಬಾರಿ ಹಿಂಭಾಗದ ಒಂದೇ ಕಡೆಗೆ ಗುರಿಯಿಟ್ಟು ಹೊಡೆದಾಗ ನೌಕೆ ಒಳಗಿನಿಂದ ಕೆಂಪಾಗಿ, ಕ್ಷಣದಲ್ಲಿ ಉರಿಯುವ ಗುಡ್ಡದಂತಾಗಿ ಕಫ್ಲಿ ಎಂಬ ಹಳ್ಳಿಯ ಬಯಲಿಗೆ ಬಿದ್ದಿತು. ಲಂಡನ್ನಿನ ಜನ ಬೀದಿಗೆ ಬಂದು ಹಾಡಿ ಕುಣಿದರಂತೆ. ನೌಕೆಯಲ್ಲಿದ್ದ ಹದಿನಾರು ಜನರೂ ಸುಟ್ಟು ಸತ್ತರು, ಅವರಿಗೂ ತಾಯಂದಿರಿದ್ದರು.

ಸೆಪ್ಟೆಂಬರ್ 5ರಂದೇ ರಾಬಿನ್ಸನ್ನನಿಗೆ ವಿಕ್ಟೋರಿಯಾ ಕ್ರಾಸ್ ಪದಕ ಪ್ರಕಟವಾಯಿತು. ನಮ್ಮ ಇಲಾಖೆಗಳಲ್ಲಿ ಪ್ರಯಾಣ ಭತ್ಯೆಯ ಬಿಲ್ಲು ಮಂಜೂರಾಗುವುದಕ್ಕೂ ಇದಕ್ಕಿಂತ ಹೆಚ್ಚು ಕಾಲ ಹಿಡಿಯುತ್ತದೆ! ಧನಿಕರು ಮೊದಲೇ ಘೋಷಿಸಿದ್ದ ಬಹುಮಾನಗಳ ರೂಪದಲ್ಲಿ ಅವನಿಗೆ 3,500 ಪೌಂಡು ದೊರಕಿತು. ಇಪ್ಪತ್ತೊಂದು ವರ್ಷದ ತರುಣನಿಗೆ ಆ ಕಾಲದಲ್ಲಿ ಅದು ಅಪಾರ ಮೊತ್ತ.

ಏಳು ತಿಂಗಳು ಕಳೆಯುವಷ್ಟರಲ್ಲಿ ಅದೃಷ್ಟ ತಿರುಗಿತು. 1917ರ ಏಪ್ರಿಲ್ 5ರಂದು ಫ್ರಾನ್ಸಿನ ಆಕಾಶದಲ್ಲಿ ಅವನು ಮುನ್ನಡೆಸುತ್ತಿದ್ದ ಆರು ವಿಮಾನಗಳಲ್ಲಿ ನಾಲ್ಕನ್ನು ಜರ್ಮನರು ಉರುಳಿಸಿದರು, ಅವನು ಸೆರೆಸಿಕ್ಕಿದ. ಮತ್ತೆ ಮತ್ತೆ ತಪ್ಪಿಸಿಕೊಳ್ಳಲು ಯತ್ನಿಸಿ, ಪ್ರತಿ ಬಾರಿಯೂ ಹೆಚ್ಚಿನ ಶಿಕ್ಷೆಗೆ ಗುರಿಯಾಗಿ, ಹೋಲ್ಜ್‌ಮಿಂಡೆನ್ ಎಂಬ ಸೆರೆಶಿಬಿರದಲ್ಲಿ ಬಹಳ ಕಷ್ಟಪಟ್ಟ. ಯುದ್ಧ ಮುಗಿದು 1918ರ ಡಿಸೆಂಬರಿನಲ್ಲಿ ಬಿಡುಗಡೆಯಾಗಿ ಇಂಗ್ಲೆಂಡಿಗೆ ಬಂದಾಗ ದೇಹದಲ್ಲಿ ಶಕ್ತಿಯಿರಲಿಲ್ಲ. ಆ ಚಳಿಗಾಲದಲ್ಲಿ ಜಗತ್ತನ್ನೆಲ್ಲ ಆವರಿಸಿದ್ದ ಇನ್‌ಫ್ಲುಯೆನ್ಜಾ ಅವನಿಗೂ ತಗುಲಿತು. ಡಿಸೆಂಬರ್ 31ರಂದು, ಸ್ಟ್ಯಾನ್‌ಮೋರ್ ಎಂಬಲ್ಲಿ, ತನ್ನ ಸೋದರಿಯ ಮನೆಯ ಹಾಸಿಗೆಯಲ್ಲಿ ಸತ್ತ. ಇಪ್ಪತ್ತಮೂರು ವರ್ಷ.

ಇಲ್ಲಿ ಆರೋಗ್ಯದ ಮಾತೊಂದು. ಸಾಮಾನ್ಯ ಶೀತಜ್ವರ ಎಳೆಯ ಮಕ್ಕಳನ್ನೂ ಮುದುಕರನ್ನೂ ಹೆಚ್ಚಾಗಿ ಕಾಡಿದರೆ 1918ರ ಜ್ವರ ಇಪ್ಪತ್ತರಿಂದ ನಲವತ್ತರೊಳಗಿನ ಗಟ್ಟಿಮುಟ್ಟಾದವರನ್ನು ಅತಿಯಾಗಿ ಬಲಿ ತೆಗೆದುಕೊಂಡಿತು. ವೈರಸ್ಸಿನ ಹಿಂದೆಯೇ ಬರುತ್ತಿದ್ದ ನ್ಯೂಮೋನಿಯಾಕ್ಕೆ ಮದ್ದಿರಲಿಲ್ಲ. ಪೆನಿಸಿಲಿನ್ ಕಂಡುಹಿಡಿದದ್ದೇ 1928ರಲ್ಲಿ. ಭಾರತದಲ್ಲಿ ಕನಿಷ್ಠವೆಂದರೂ ಒಂದು ಕೋಟಿ ಇಪ್ಪತ್ತು ಲಕ್ಷ ಜನ ಸತ್ತರೆಂದು ಅಂದಾಜು. ನಮ್ಮ ಜನಗಣತಿಯ ಇತಿಹಾಸದಲ್ಲಿ ದೇಶದ ಜನಸಂಖ್ಯೆ ಇಳಿದ ದಶಕ 1911ರಿಂದ 1921ರದೊಂದೇ. ಅದಕ್ಕೆ ಮುಖ್ಯ ಕಾರಣ ಈ ಜ್ವರ. ಆ ಸತ್ತವರಿಗೆಲ್ಲ ಫಲಕ ಹಾಕಿಸುವವರು ಯಾರು? ಇಂದು ಪ್ರತಿ ವರ್ಷವೂ ಹಾಕಿಸಿಕೊಳ್ಳಬಹುದಾದ ಲಸಿಕೆಯಿದೆ. ಅರವತ್ತು ದಾಟಿದವರೂ, ಸಕ್ಕರೆ ಕಾಯಿಲೆ, ಹೃದಯ ಮತ್ತು ಶ್ವಾಸಕೋಶದ ತೊಂದರೆಯಿರುವವರೂ ಮಳೆಗಾಲಕ್ಕೆ ಮುನ್ನ ವೈದ್ಯರನ್ನು ಕೇಳಿ ಹಾಕಿಸಿಕೊಳ್ಳುವುದು ಒಳ್ಳೆಯದು. ಕೊಚ್ಚಿಯ ಮಳೆಗಾಲದ ವಿಷಯ ತಮಗೆ ಹೇಳಬೇಕಾಗಿಲ್ಲ.

ಸೇಂಟ್ ಬೀಸ್ ಶಾಲೆಯ ಮೂವರು ಹಳೆಯ ವಿದ್ಯಾರ್ಥಿಗಳಿಗೆ ಆ ಯುದ್ಧದಲ್ಲಿ ವಿಕ್ಟೋರಿಯಾ ಕ್ರಾಸ್ ದೊರಕಿತು. ರಾಬಿನ್ಸನ್ ಒಬ್ಬ. ಇನ್ನೊಬ್ಬ ರಿಚರ್ಡ್ ವೇನ್, ಟ್ಯಾಂಕು ದಳದವನು. 1917ರ ನವೆಂಬರ್ 20ರಂದು ಕಾಂಬ್ರೇ ಕದನದಲ್ಲಿ ಮಡಿದ. ಮತ್ತೊಬ್ಬ ಜಾನ್ ಫಾಕ್ಸ್-ರಸೆಲ್, ಸೈನ್ಯದ ವೈದ್ಯ. ಪ್ಯಾಲೆಸ್ಟೈನಿನಲ್ಲಿ ಅದೇ ತಿಂಗಳ 6ರಂದು ಗುಂಡಿನ ಮಳೆಯ ನಡುವೆ ಪದೇ ಪದೇ ಹೊರಗೆ ಹೋಗಿ, ತಾನೇ ಸುಸ್ತಾಗಿ ಬೀಳುವಂತಿದ್ದರೂ ಗಾಯಾಳುಗಳನ್ನು ಎತ್ತಿ ತಂದು, ಕೊನೆಗೆ ತಾನೂ ಸತ್ತವನು. ಇಂಥ ವೈದ್ಯನ ಕಥೆಯನ್ನು ನಮ್ಮ ಸಂಚಿಕೆಯಲ್ಲಿ ವೈದ್ಯ ಮಿತ್ರರು ಯಾರಾದರೂ ವಿಸ್ತಾರವಾಗಿ ಬರೆಯಬೇಕು. ಶಾಲೆಯಲ್ಲಿ ಈ ಮೂವರ ಸ್ಮಾರಕ ಫಲಕವಿದೆ. ನನ್ನ ಗಮನ ಸೆಳೆದ ಸಂಗತಿ ಇಷ್ಟೇ: ಇಬ್ಬರು ರಣಭೂಮಿಯಲ್ಲಿ ಬಿದ್ದವರು, ಒಬ್ಬ ಜ್ವರದಿಂದ ಹಾಸಿಗೆಯಲ್ಲಿ ಸತ್ತವನು, ಶಾಲೆ ಅವರನ್ನು ಬೇರೆ ಬೇರೆ ಮಾಡಲಿಲ್ಲ. 1583ರಲ್ಲಿ ಹುಟ್ಟಿದ ಆ ಶಾಲೆಯೇ ಹಣವಿಲ್ಲದೆ 2015ರಲ್ಲಿ ಮುಚ್ಚಿ, 2018ರಲ್ಲಿ ಮತ್ತೆ ತೆರೆಯಿತು. ಮಕ್ಕಳಿಲ್ಲವೆಂದು ನಮ್ಮ ಹಳ್ಳಿಯ ಶಾಲೆಗಳು ಬಾಗಿಲು ಹಾಕುವುದನ್ನು ಕಂಡವನಿಗೆ ಈ ಸುದ್ದಿ ಅಷ್ಟು ದೂರದ್ದೆನಿಸಲಿಲ್ಲ.

ರಾಬಿನ್ಸನ್ ನಮ್ಮನ್ನು ಆಳುತ್ತಿದ್ದವರ ಮಗ, ಅವನ ಪರಾಕ್ರಮ ನಮಗೇನು ಸಂಬಂಧ ಎಂದು ಕೇಳಬಹುದು. ಒಪ್ಪುತ್ತೇನೆ. ಅದೇ ಯುದ್ಧದಲ್ಲಿ ಸತ್ತ ಭಾರತೀಯ ಸೈನಿಕರು ಸುಮಾರು 74,000. ನಮ್ಮ ಮೈಸೂರು ಲ್ಯಾನ್ಸರ್ಸ್ ಅಶ್ವದಳದವರು 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ಗೆದ್ದುಕೊಟ್ಟ ಸೈನ್ಯದಲ್ಲಿದ್ದರು, ಬೆಂಗಳೂರಿನ ಜೆ.ಸಿ. ನಗರದಲ್ಲಿ ಅವರ ಸ್ಮಾರಕವಿದೆ. ಆ ದಾರಿಯಲ್ಲಿ ಸಾವಿರ ಸಲ ಓಡಾಡಿಯೂ ಅದನ್ನು ನೋಡದವರು ನಮ್ಮಲ್ಲಿ ಎಷ್ಟು ಮಂದಿ ಇಲ್ಲ! ನಾನೂ ಒಬ್ಬನಾಗಿದ್ದೆ.

ಈಗ ಕಂಚಿನ ವಿಷಯಕ್ಕೆ ಬರುತ್ತೇನೆ. ವಿಕ್ಟೋರಿಯಾ ಕ್ರಾಸ್ ಅಷ್ಟು ದೊಡ್ಡ ಗೌರವವಾದರೂ ಪದಕ ಬಂಗಾರದ್ದೂ ಅಲ್ಲ, ಬೆಳ್ಳಿಯದೂ ಅಲ್ಲ, ಬರಿಯ ಕಂಚು. ಶತ್ರುವಿನಿಂದ ವಶಪಡಿಸಿಕೊಂಡ ತೋಪುಗಳನ್ನು ಕರಗಿಸಿ ಮಾಡಿದ್ದೆಂಬ ಪ್ರತೀತಿಯೂ ಇದೆ. ಯುದ್ಧ ಮುಗಿದ ಮೇಲೆ ಬ್ರಿಟಿಷ್ ಸರ್ಕಾರ ಸತ್ತ ಪ್ರತಿಯೊಬ್ಬನ ಮನೆಗೂ ಒಂದೊಂದು ಕಂಚಿನ ಬಿಲ್ಲೆಯನ್ನು ಕಳುಹಿಸಿತು. ಹನ್ನೆರಡು ಸೆಂಟಿಮೀಟರ್ ಅಗಲ, ನಮ್ಮ ಕಾಫಿ ಲೋಟದ ತಟ್ಟೆಯಷ್ಟು. ಲಿವರ್‌ಪೂಲಿನ ಎಡ್ವರ್ಡ್ ಕಾರ್ಟರ್ ಪ್ರೆಸ್ಟನ್ ಎಂಬ ಕಲಾವಿದ, ಎಂಟು ನೂರಕ್ಕೂ ಹೆಚ್ಚು ಜನ ಸ್ಪರ್ಧಿಸಿದ್ದರಲ್ಲಿ ಗೆದ್ದು, ಅದರ ವಿನ್ಯಾಸ ಮಾಡಿದ. ಹದಿಮೂರು ಲಕ್ಷಕ್ಕೂ ಹೆಚ್ಚು ಬಿಲ್ಲೆಗಳನ್ನು ಎರಕ ಹೊಯ್ದರು. ಭಾರತೀಯ ಸೈನಿಕರ ಮನೆಗಳಿಗೂ ಅವು ಬಂದವು. ದುಃಖದಲ್ಲಿದ್ದ ಜನ ಅದನ್ನು ‘ಸತ್ತವನ ಕಾಸು’ ಎಂದು ಕಹಿಯಾಗಿ ಕರೆದರೆಂಬುದೂ ನಿಜ. ಆದರೆ ಖಜಾಂಚಿಯಾಗಿ ಪಾಠ ಕಲಿತಿದ್ದ ನನ್ನನ್ನು ಅದರ ಮೂರು ಸಂಗತಿಗಳು ನಿಲ್ಲಿಸಿದವು. ಹೆಸರಿನೊಂದಿಗೆ ಹುದ್ದೆಯನ್ನು ಬರೆಯಲಿಲ್ಲ. ಜನರಲ್ ಆದರೂ ಸಿಪಾಯಿಯಾದರೂ ಬರಿಯ ಹೆಸರು. ಸೇವೆಯಲ್ಲಿದ್ದಾಗ ಗುಂಡಿನಿಂದ ಸತ್ತವನಿಗೂ ಕಾಯಿಲೆಯಿಂದ ಸತ್ತವನಿಗೂ ಒಂದೇ ಬಿಲ್ಲೆ. ಹೆಸರಿನ ಅಕ್ಷರಗಳನ್ನು ಕೆತ್ತಲಿಲ್ಲ, ಎರಕದಲ್ಲಿಯೇ ಉಬ್ಬಿ ನಿಲ್ಲುವಂತೆ ಮಾಡಿದರು. ಕಣ್ಣು ಮುಚ್ಚಿಕೊಂಡು ಬೆರಳಾಡಿಸಿದರೂ ಓದಬಹುದು.

ಇದನ್ನು ಓದಿದ ರಾತ್ರಿ ನನಗೆ ಬಹಳ ಹೊತ್ತು ನಿದ್ರೆ ಬರಲಿಲ್ಲ.

ಕಂಚಿನ ಕೆಲಸವನ್ನು ತಿಳಿಯಲು ಕೇರಳಕ್ಕಿಂತ ಒಳ್ಳೆಯ ಸ್ಥಳ ಬೇರೆ ಯಾವುದಿದೆ? ಒಂದು ರಜಾದಿನ ಆಲಪ್ಪುಳ ಜಿಲ್ಲೆಯ ಮಾನ್ನಾರಿಗೆ ಹೋದೆ. ಉರುಳಿ, ದೀಪ, ಗಂಟೆಗಳನ್ನು ಎರಕ ಹೊಯ್ಯುವ ಮನೆತನಗಳು ಅಲ್ಲಿವೆ. ತಾಮ್ರದೊಂದಿಗೆ ತವರ ಸೇರಿದರೆ ಕಂಚು. ಫಲಕಕ್ಕಾದರೆ ಹತ್ತರಲ್ಲಿ ಒಂದು ಪಾಲು ತವರ ಸಾಕು, ಗಂಟೆಗಾದರೆ ಐದರಲ್ಲಿ ಒಂದು ಪಾಲಿಗೂ ಮೇಲೆ ಬೇಕು, ಇಲ್ಲದಿದ್ದರೆ ನಾದ ಬರುವುದಿಲ್ಲ. ಅಚ್ಚನ್ನು ಮೊದಲು ಮೇಣದಲ್ಲಿ ಮಾಡಿ, ಮಣ್ಣು ಮೆತ್ತಿ, ಒಣಗಿಸಿ, ಕಾಸಿ ಮೇಣವನ್ನು ಹರಿಸಿ ತೆಗೆದು, ಆ ಖಾಲಿ ಜಾಗಕ್ಕೆ ಕರಗಿದ ಲೋಹವನ್ನು ಹೊಯ್ಯುತ್ತಾರೆ. ಅಕ್ಷರ ಉಬ್ಬಿರಬೇಕಾದರೆ ಮೇಣದಲ್ಲಿಯೇ ಉಬ್ಬಿರಬೇಕು. ನಾನು ಕನ್ನಡದ ಒತ್ತಕ್ಷರಗಳನ್ನು ಕಾಗದದಲ್ಲಿ ಬರೆದು ತೋರಿಸಿದಾಗ ಅಲ್ಲಿದ್ದ ವೃದ್ಧ ಕುಶಲಕರ್ಮಿ ತಲೆಯಾಡಿಸಿ, ‘ನಿಮ್ಮದೂ ನಮ್ಮಂತೆಯೇ ಗುಂಡಗಿನ ಲಿಪಿ, ಆಗುತ್ತದೆ. ಒತ್ತಿಗೆ ಮಾತ್ರ ಸಾಲಿನ ಕೆಳಗೆ ಜಾಗ ಬಿಡಬೇಕು’ ಎಂದು ಮಲಯಾಳದಲ್ಲಿ ಹೇಳಿದರು. ಗ್ರಾನೈಟ್ ಅಂಗಡಿಯವರು ನನ್ನನ್ನು ಕೇಳಿದ್ದು ಎಷ್ಟು ಸಾಲು ಎಂದು. ಇವರು ಕೇಳಿದ್ದು, ‘ಯಾರು ಓದಬೇಕು?’ ಎಂದು.

ಮಾನ್ನಾರಿನಿಂದ ಹಿಂದಿರುಗಿದ ಮೇಲೆ ನಮ್ಮ ಹುಡುಗನನ್ನು ಕೊಂದ ಕಾಯಿಲೆಯನ್ನೂ ಸ್ವಲ್ಪ ತಿಳಿದುಕೊಂಡೆ. ಹಿರಿಯರ ಪ್ರಶ್ನೆಗೆ ಉತ್ತರ ಅಲ್ಲಿತ್ತು. ಸಮುದ್ರ ಮಟ್ಟದಿಂದ ಎರಡೂವರೆ ಸಾವಿರ ಮೀಟರಿಗಿಂತ ಮೇಲಕ್ಕೆ ಬೇಗನೆ ಏರಿದವರಲ್ಲಿ ಕೆಲವರಿಗೆ, ಎಷ್ಟೇ ಗಟ್ಟಿಗರಾದರೂ, ಶ್ವಾಸಕೋಶದ ರಕ್ತನಾಳಗಳಲ್ಲಿ ಒತ್ತಡ ಹೆಚ್ಚಿ, ನೀರು ಗಾಳಿಯ ಗೂಡುಗಳಿಗೆ ಸೋರುತ್ತದೆ. ಐದೂವರೆ ಸಾವಿರ ಮೀಟರಿನಲ್ಲಿ ಗಾಳಿಯ ಒತ್ತಡ ಕೊಚ್ಚಿಯಲ್ಲಿರುವುದರ ಅರ್ಧದಷ್ಟು. 1962ರ ಚೀನಾ ಯುದ್ಧದ ಕಾಲದಲ್ಲಿ ಬಯಲುಸೀಮೆಯಿಂದ ನೇರವಾಗಿ ಪರ್ವತಕ್ಕೆ ಕಳುಹಿಸಿದ ನಮ್ಮ ಸೈನಿಕರು ಹೀಗೆ ನರಳಿದಾಗ, ಡಾ. ಇಂದರ್ ಸಿಂಗ್ ಮತ್ತು ಸಂಗಡಿಗರು 1,925 ಮಂದಿ ಸೈನಿಕರನ್ನು ಪರೀಕ್ಷಿಸಿ ಬರೆದ ಪ್ರಬಂಧ 1969ರಲ್ಲಿ ಪ್ರಕಟವಾಗಿ ಜಗತ್ತಿನ ವೈದ್ಯರಿಗೆಲ್ಲ ಆಧಾರವಾಯಿತು. ಸಿಯಾಚಿನ್‌ನಲ್ಲಿ 1984ರಿಂದ ಈಚೆಗೆ ಗುಂಡಿಗಿಂತ ಚಳಿಯೂ ಎತ್ತರವೂ ಹಿಮಪಾತವೂ ಹೆಚ್ಚು ಜೀವಗಳನ್ನು ತೆಗೆದುಕೊಂಡಿವೆ. 2016ರ ಫೆಬ್ರವರಿ 3ರಂದು ಅಲ್ಲಿ ಹಿಮದಡಿ ಸಿಕ್ಕಿದ ಹತ್ತು ಮಂದಿಯಲ್ಲಿ ಮೂವರು ಕರ್ನಾಟಕದವರು, ಒಬ್ಬರು ಇದೇ ಕೇರಳದವರು. ಧಾರವಾಡ ಜಿಲ್ಲೆಯ ಬೆಟದೂರಿನ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಆರು ದಿನಗಳ ಬಳಿಕ ಹಿಮದಿಂದ ಜೀವಸಹಿತ ಸಿಕ್ಕಿ, ದೆಹಲಿಯ ಆಸ್ಪತ್ರೆಯಲ್ಲಿ 11ರಂದು ತೀರಿಕೊಂಡರು. ದೇಶವೆಲ್ಲ ಉಸಿರು ಬಿಗಿಹಿಡಿದು ಕಾದದ್ದು ತಮಗೆ ನೆನಪಿರಬಹುದು. ಅವರಿಗೂ ಶತ್ರುವಿನ ಗುಂಡು ತಗುಲಿರಲಿಲ್ಲ. ಅವರ ಮರಣಕ್ಕೆ ಯಾರೂ ರಸೀದಿ ಕೇಳಲಿಲ್ಲವಲ್ಲ?

ನಮ್ಮಲ್ಲಿ ನಿವೃತ್ತರಾದವರು ಈಗ ಗುಂಪುಗುಂಪಾಗಿ ಲೇಹ್, ಕೇದಾರ, ಅಮರನಾಥಗಳಿಗೆ ಹೋಗುತ್ತಿದ್ದಾರೆ. ಇವೆಲ್ಲವೂ ಮೂರೂವರೆ ಸಾವಿರ ಮೀಟರಿನ ಆಸುಪಾಸು ಅಥವಾ ಅದಕ್ಕೂ ಮೇಲೆ. ವಿಮಾನದಲ್ಲಿ ಇಳಿದ ದಿನವೇ ಸುತ್ತಾಡಬಾರದು. ಎರಡು ದಿನ ವಿಶ್ರಾಂತಿ ಬೇಕು. ಕುಳಿತಿದ್ದರೂ ಏದುಸಿರು, ಬಿಡದ ಕೆಮ್ಮು, ನಸುಗೆಂಪು ನೊರೆಯ ಕಫ ಕಂಡರೆ ಶೀತವೆಂದು ಕಷಾಯ ಕುಡಿದು ಮಲಗಬಾರದು. ಆಮ್ಲಜನಕ ಕೊಡಿಸಿ ಕೂಡಲೇ ಕೆಳಗಿಳಿಸಬೇಕು. ಕೆಳಗಿಳಿಯುವುದೇ ಮೊದಲ ಔಷಧ. ನಮ್ಮ ಹುಡುಗನನ್ನು ಇಳಿಸಲು ಹವಾಮಾನ ಬಿಡಲಿಲ್ಲವೆಂದು ಅವನ ಜೊತೆಯವರು ಮನೆಗೆ ಬಂದಾಗ ಹೇಳಿದ್ದರಂತೆ.

ಪರ ಊರಿನಲ್ಲಿರುವ ನಮಗೆ ಇನ್ನೊಂದು ಯೋಚನೆಯೂ ಬರುತ್ತದೆ. ನಾವು ಸತ್ತರೆ ನಮ್ಮ ಹೆಸರು ಎಲ್ಲಿ ಉಳಿಯಬೇಕು, ಹುಟ್ಟಿದ ಊರಿನಲ್ಲೋ ಬಾಳಿದ ಊರಿನಲ್ಲೋ? ಮೇಜರ್ ಸಂದೀಪ್ ಉನ್ನಿಕೃಷ್ಣನ್ ಕೋಳಿಕ್ಕೋಡಿನಲ್ಲಿ ಹುಟ್ಟಿದ ಮಲಯಾಳಿ. ಬೆಳೆದದ್ದು ಬೆಂಗಳೂರಿನಲ್ಲಿ, ಓದಿದ್ದು ಅಲ್ಲಿಯ ಫ್ರಾಂಕ್ ಆಂಥನಿ ಶಾಲೆಯಲ್ಲಿ. 2008ರ ನವೆಂಬರ್ 28ರಂದು ಮುಂಬಯಿಯ ತಾಜ್ ಹೋಟೆಲಿನಲ್ಲಿ ಉಗ್ರರೊಂದಿಗೆ ಹೋರಾಡಿ ಮಡಿದರು. 2009ರಲ್ಲಿ ಮರಣೋತ್ತರ ಅಶೋಕ ಚಕ್ರ ಬಂದಿತು. ಬೆಂಗಳೂರಿನ ಯಲಹಂಕದ ರಸ್ತೆಯೊಂದಕ್ಕೆ ಇಂದು ಅವರ ಹೆಸರಿದೆ. ಅವರು ಎಲ್ಲಿಯವರೆಂದು ಬೆಂಗಳೂರು ಕೇಳಲಿಲ್ಲ. ಕೇರಳದಲ್ಲಿರುವ ಕನ್ನಡಿಗನಾಗಿ ಇದನ್ನು ಬರೆಯುವಾಗ ನನಗೆ ಸ್ವಲ್ಪ ಹೆಮ್ಮೆಯೆನಿಸಿದರೆ ಓದುಗರು ಕ್ಷಮಿಸಬೇಕು.

ಕಳೆದ ವರ್ಷ ಊರಿಗೆ ಹೋಗಿದ್ದಾಗ ಹಳೆಯ ಸಮಿತಿಯವರನ್ನು ಮತ್ತೆ ಸೇರಿಸಿದೆ. ಗ್ರಾನೈಟಿನ ಚಿನ್ನದ ಬಣ್ಣ ನಾಲ್ಕೈದು ಮಳೆಗಾಲಗಳಲ್ಲಿ ಅರ್ಧಕ್ಕರ್ಧ ಹೋಗಿತ್ತು. ದಾನಿಗಳ ಹೆಸರನ್ನೂ ಓದಲಾಗುತ್ತಿರಲಿಲ್ಲ. ಕಂಚಿನ ಚಿಕ್ಕ ಫಲಕವೊಂದನ್ನು ಮಾಡಿಸೋಣ, ಅದರಲ್ಲಿ ಅವನ ಹೆಸರನ್ನು ಬಿಟ್ಟು ಬೇರೆ ಯಾರ ಹೆಸರೂ ಇರಬಾರದು, ನಾಲ್ಕು ಅಡಿ ಎತ್ತರದಲ್ಲಿ, ಜಗುಲಿಯ ಕಂಬದ ಪಕ್ಕದಲ್ಲಿ ಹಾಕಿಸೋಣವೆಂದೆ. ಈ ಬಾರಿ ಹಣ ಕೊಡಲು ಬಂದವರು ಕಡಿಮೆ. ಆದರೂ ಕೆಲವರು ಕೊಟ್ಟರು. ರಸೀದಿ ಕೇಳಿದ ಹಿರಿಯರ ಮುಂದೆ ರಾಬಿನ್ಸನ್ನನ ಕಥೆಯನ್ನೂ ಸತ್ತವನ ಕಾಸಿನ ಕಥೆಯನ್ನೂ ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು, ‘ಕಾಯಿಲೆಯನ್ನು ಮುಚ್ಚಿಡಬೇಕಾಗಿಲ್ಲ. ಹಿಮದಲ್ಲಿ ಕಾವಲಿದ್ದಾಗ ಕಾಯಿಲೆಯಿಂದ ತೀರಿಕೊಂಡ ಎಂದೇ ಬರೆಸಿ’ ಎಂದರು. ವೀರಮರಣ ಎಂಬ ಪದಕ್ಕೆ ಅವರು ಕೊನೆಗೂ ಒಪ್ಪಲಿಲ್ಲ. ನನಗೂ ಅದು ಬೇಕೆನಿಸಲಿಲ್ಲ.

ಕರಡನ್ನು ತೆಗೆದುಕೊಂಡು ತಾಯಿಯ ಬಳಿಗೆ ಹೋಗಿ ಓದಿ ಹೇಳಿದೆ. ಹೆಸರು, ಓದಿದ ವರ್ಷಗಳು, ಹಿರಿಯರು ಹೇಳಿದ ಆ ಒಂದು ಸಾಲು. ಅವರು ಕೇಳಿಸಿಕೊಂಡು, ‘ಸತ್ತಿದ್ದು ಎಲ್ಲರಿಗೂ ಗೊತ್ತು ಮಗಾ. ಇಸ್ಕೂಲಲ್ಲಿ ಏನ್ ಮಾಡ್ತಿದ್ದ ಅಂತ ಬರೀರಿ’ ಎಂದರು.

‘ಏನೆಂದು ಬರೆಸಲಿ ಅಮ್ಮಾ?’

‘ಗಂಟೆ ಹೊಡೀತಿದ್ದ ಅಲ್ವಾ.’

ನಾನು ಮರೆತೇಬಿಟ್ಟಿದ್ದೆ. ಜವಾನ ಬಾರದ ದಿನಗಳಲ್ಲಿ, ಅಂದರೆ ವಾರದಲ್ಲಿ ಎರಡು ಮೂರು ದಿನ, ಪಾಠದ ಗಂಟೆ ಹೊಡೆಯುತ್ತಿದ್ದವನು ಅವನೇ. ಜಗುಲಿಯಲ್ಲಿ ತೂಗುಹಾಕಿದ್ದ ಕಂಚಿನ ಜಾಗಟೆ. ಗಣಿತದ ಪಾಠವಿದ್ದರೆ ಎರಡು ನಿಮಿಷ ಮೊದಲೇ ಹೊಡೆಯುತ್ತಿದ್ದ. ಅದಕ್ಕಾಗಿ ಒಮ್ಮೆ ಏಟು ತಿಂದದ್ದೂ ಉಂಟು. ತಾಯಿಗೆ ಗದ್ದೆಯಲ್ಲಿ ಆ ಸದ್ದು ಕೇಳಿಸುತ್ತಿತ್ತಂತೆ. ಇಂದು ನನ್ನ ಮಗನದು, ಇಂದು ಜವಾನನದು ಎಂದು ಹೊಡೆತದಲ್ಲಿಯೇ ಗೊತ್ತಾಗುತ್ತಿತ್ತಂತೆ.

ಸಮಿತಿಯಲ್ಲಿ ಇದಕ್ಕೆ ಒಮ್ಮತವಿಲ್ಲ. ಸ್ಮಾರಕದ ಗಾಂಭೀರ್ಯಕ್ಕೆ ಇದು ಹೊಂದುವುದಿಲ್ಲವೆಂದು ಇಬ್ಬರು ದೂರವಾಣಿಯಲ್ಲಿ ತಿಳಿಸಿದ್ದಾರೆ. ಮಾನ್ನಾರಿನ ಕುಶಲಕರ್ಮಿ ಮೇಣದ ಅಚ್ಚಿಗೆ ಕೊನೆಯ ಪಾಠವನ್ನು ಕೇಳಿ ಎರಡು ಸಲ ಹೇಳಿ ಕಳುಹಿಸಿದ್ದಾರೆ. ಮಳೆ ಹಿಡಿದರೆ ಮಣ್ಣಿನ ಅಚ್ಚು ಒಣಗುವುದಿಲ್ಲ. ‘ಈ ಶಾಲೆಯ ಗಂಟೆಯನ್ನು ಹೊಡೆಯುತ್ತಿದ್ದ’ ಎಂಬ ಸಾಲಿಗೆ ಎಷ್ಟು ಅಕ್ಷರ, ಎಷ್ಟು ಒತ್ತು, ಎಷ್ಟು ಹೆಚ್ಚಿನ ಲೋಹ, ಎಷ್ಟು ಹೆಚ್ಚಿನ ಹಣ ಎಂದು ಲೆಕ್ಕ ಹಾಕಿದೆ. ಖಜಾಂಚಿಯಾಗಿ ಆ ಮೊತ್ತವನ್ನು ಮಂಜೂರು ಮಾಡಿ, ಮೊನ್ನೆ ಶನಿವಾರ ಕಾಗದವನ್ನು ಮಾನ್ನಾರಿಗೆ ಕಳುಹಿಸಿಬಿಟ್ಟಿದ್ದೇನೆ.